ಅರ್ಧ ಕೆರೆ ದಾಟಿದ ಮೇಲೆ

ಎರಡು ವರ್ಷದ ಹಿಂದಿನ ಮಾತು. ಈಸ್ಟರ್ ಹಬ್ಬ ಕಳೆದ ಮರುವಾರವೇ ನಮ್ಮ ಒಬ್ಬಳೇ ಮಗಳು ಶೀಲಾಳ ಮದುವೆ ಎಂದು ನಿಶ್ಚಯವಾಗಿತ್ತು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಹಾಗಾಗಿ ಸೀರೆ, ಛತ್ರ, ಅಡುಗೆಯವರು ಎಂದು ಓಡಾಡಲು ಬೇಕಾದಷ್ಟು ಸಮಯವಿತ್ತು. ಇಲ್ಲದಿದ್ದದ್ದು ನಮ್ಮ ಯಜಮಾನರ ಕಾಲಿಗೆ ಬಲ.

ಅವರು ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟಿನಲ್ಲಿ ದುಡಿದು ನಿವೃತ್ತರಾದವರು. ಅದರ ಹಿಂದಿನ ದೀಪಾವಳಿ ಹೊತ್ತಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಸ್ವಾಧೀನ ತಪ್ಪಿದ್ದವು. ಔಷಧಿ, ವ್ಯಾಯಾಮ, ಎಲ್ಲದಕ್ಕಿಂತ ಹೆಚ್ಚಾಗಿ ಅವರ ಹಟ, ಎಲ್ಲ ಸೇರಿ ಊರುಗೋಲು ಹಿಡಿದು ನಡೆಯುವಷ್ಟಾಗಿದ್ದರು. ಕಾಲನ್ನು ಎಳೆದುಕೊಂಡೇ ನಡೆಯುತ್ತಿದ್ದರು.

ನಮ್ಮ ಮದುವೆಗಳಲ್ಲಿ ಚರ್ಚಿನ ಬಾಗಿಲಿನಿಂದ ಪೀಠದವರೆಗೆ ಮಗಳ ಕೈಹಿಡಿದು ಕರೆದೊಯ್ಯುವುದು ತಂದೆ. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಮನೆಗೆ ಬಂದ ನನ್ನ ಅಣ್ಣ, ಒಳ್ಳೆಯ ಮನಸ್ಸಿನಿಂದಲೇ, "ಭಾವ, ನೀವು ಮುಂದೆ ಕುರ್ಚಿ ಮೇಲೆ ಆರಾಮಾಗಿ ಕೂತಿರಿ. ಶೀಲನ್ನ ನಾನು ಕರ್ಕೊಂಡ್ ಬರ್ತೀನಿ. ಸೋದರಮಾವ ಅಂದ್ರೆ ತಂದೆ ಇದ್ದಂಗೇ ತಾನೆ?" ಅಂದ. ಇವರು ಕಾಫಿ ಲೋಟ ಕೆಳಗಿಟ್ಟರು.

"ನಾನಿನ್ನೂ ಸತ್ತಿಲ್ಲ ಕಣಯ್ಯ. ನನ್ ಮಗಳ್ನ ನಾನೇ ಕರ್ಕೊಂಡ್ ಹೋಗ್ತೀನಿ. ಈ ಕೋಲೂ ಇಲ್ದೆ."

ಅಣ್ಣ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ತಪಸ್ಸುಕಾಲದಲ್ಲಿ ನಮ್ಮವರು ಒಬ್ಬೊಬ್ಬರು ಒಂದೊಂದು ವ್ರತ ಹಿಡಿಯುತ್ತಾರೆ. ಮಾಂಸ ಬಿಡುವವರು ಕೆಲವರು, ಕಾಫಿ ಬಿಡುವವರು ಕೆಲವರು. ಇವರು ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ದಿನ ಹಣೆಯ ಮೇಲೆ ಬೂದಿ ಇಟ್ಟುಕೊಂಡು ಬಂದವರೇ, "ಈಸ್ಟರ್ ಒಳಗೆ ಕುಕ್ಕರಹಳ್ಳಿ ಕೆರೆ ಒಂದು ಪೂರ್ತಿ ಸುತ್ತು ಬರ್ತೀನಿ. ಇದೇ ನನ್ನ ವ್ರತ" ಎಂದು ಸಾರಿಬಿಟ್ಟರು.

"ಅದಕ್ಕಿಂತ ಮಟನ್ ಬಿಡೋದು ಸುಲಭ ಕಣ್ರೀ" ಅಂದೆ.

"ಅದನ್ನೂ ಬಿಡ್ತೀನಿ."

ನಾವು ಸರಸ್ವತಿಪುರಂನವರು. ನೆಂಟರು ಬಂದರೆ ಕಾರಂಜಿ ಕೆರೆಯ ನವಿಲು, ರಂಗನತಿಟ್ಟಿನ ದೋಣಿ ಎಂದು ಕರೆದುಕೊಂಡು ಹೋಗುತ್ತೇವೆ. ನಮ್ಮ ಪಾಲಿಗೆ ದಿನವೂ ಮಹಾರಾಜರ ಕಾಲದ ಕುಕ್ಕರಹಳ್ಳಿ ಕೆರೆಯೇ. ಬೆಳಗಿನ ವಾಕಿಂಗ್ ಸಮಯ ಮುಗಿದರೆ ಕಾವಲುಗಾರ ಸೀಟಿ ಊದಿ, ಎಲ್ಲರನ್ನೂ ಹೊರಡಿಸಿ ಗೇಟಿಗೆ ಬೀಗ ಹಾಕುತ್ತಾನೆ. ಅಷ್ಟರೊಳಗೆ ಕಲ್ಲುಬೆಂಚಿನವರೆಗೆ ಹೋಗಿ ವಾಪಸ್ ಬರುವುದು ಇವರಿಗೂ ನನಗೂ ಆದ ಒಪ್ಪಂದ. ಬೆಂಚಿನ ಆಚೆಗೆ ಒಂದು ಹೆಜ್ಜೆಯೂ ಬಿಡುತ್ತಿರಲಿಲ್ಲ ನಾನು. ಅಲ್ಲೇನಾದರೂ ಬಿದ್ದರೆ ಎತ್ತುವವರಾರು?

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನ. ಪಕ್ಕದ ಬೀದಿಯ ಸುಶೀಲಾ ಟೀಚರ್ ದಾರಿಯಲ್ಲಿ ಜೊತೆಯಾದರು. ಮದುವೆ ಸೀರೆಯ ಮಾತು ಬಂತು. ಹೆಂಗಸರಿಬ್ಬರಿಗೆ ಸೀರೆ ಮಾತು ಸಿಕ್ಕರೆ ಕೇಳಬೇಕೆ! ಇವರು, "ನೀವು ನಿಧಾನಕ್ಕೆ ಬನ್ನಿ, ನಾನು ಬೆಂಚಿನ ಹತ್ರ ಕೂತಿರ್ತೀನಿ" ಎಂದು ಮುಂದೆ ಹೋದರು. ನಾವು ನಿಂತು ನಿಂತು ಜರಿ ಅಂಚು ಮುಗಿಸಿ ರವಿಕೆಯ ತೋಳಿಗೆ ಬರುವ ಹೊತ್ತಿಗೆ ಬೆಂಚು ಬಂತು. ಬೆಂಚಿನ ಮೇಲೆ ಯಾರೂ ಇರಲಿಲ್ಲ.

ನನ್ನ ಕಣ್ಣು ಮೊದಲು ಹೋದದ್ದು ನೀರಿನ ಕಡೆಗೆ. ಹೆಜ್ಜಾರ್ಲೆ ಹಕ್ಕಿಗಳು ತಮ್ಮ ಪಾಡಿಗೆ ತೇಲುತ್ತಿದ್ದವು. ಟೀಚರ್ ಕೈ ತೋರಿಸಿದರು, "ಅಗೋ, ನೋಡಿ ಅಲ್ಲಿ!" ದೂರದ ತಿರುವಿನಲ್ಲಿ ಬಿಳಿ ಟೋಪಿಯೊಂದು ಅಲ್ಲಾಡುತ್ತ ಹೋಗುತ್ತಿತ್ತು. ಟೀಚರ್‌ಗೆ ಶಾಲೆಗೆ ಹೊತ್ತಾಗಿತ್ತು, ಅವರು ವಾಪಸ್ ಹೊರಟರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ನನ್ನ ವಯಸ್ಸಿಗೆ ಅದು ಓಟವಲ್ಲ, ಆದರೂ ಓಡಿದೆ.

ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದೆ. "ಬುದ್ಧಿ ಐತೇನ್ರೀ ನಿಮ್ಗೆ? ಮನೆಯಲ್ಲಿ ಮದುವೆ ಇಟ್ಕೊಂಡು ಬಿದ್ದು ಸೊಂಟ ಮುರ್ಕೊಂಡ್ರೆ ಏನ್ ಗತಿ? ನಡೀರಿ ವಾಪಸ್ಸು!"

ಬೆವರಿನಿಂದ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಕೋಲಿನ ಮೇಲೆ ಭಾರ ಬಿಟ್ಟು ನಿಂತು, ಬಂದ ದಾರಿ ನೋಡಿದರು, ಮುಂದಿನ ದಾರಿ ನೋಡಿದರು. ನಕ್ಕರು.

"ಅರ್ಧ ದಾಟಿಬುಟ್ಟಿದೀನಿ ಕಣೇ. ಇನ್ ವಾಪಸ್ ಹೋಗೋದೇ ದೂರ."

ಕೆರೆ ದುಂಡಗಿದೆಯಲ್ಲ! ಅಲ್ಲಿಂದ ಹಿಂದಿರುಗಿದರೆ ಇನ್ನೂ ಹೆಚ್ಚು ನಡೆಯಬೇಕು. ನಿತ್ಯ ನೋಡುವ ಕೆರೆ, ನನಗೆ ಇದು ಹೊಳೆದೇ ಇರಲಿಲ್ಲ. ಇವರು ಲೆಕ್ಕ ಹಾಕಿಯೇ ಹೊರಟಿದ್ದರು.

ಸಿಟ್ಟಿಗೆ ಪಕ್ಕದ ಕಲ್ಲಿನ ಮೇಲೆ ಕೂತೆ. "ನಾನಂತೂ ಬರಲ್ಲ."

"ಕೂತಿರು. ಆಮೇಲೆ ಬಂದು ಕರ್ಕೊಂಡ್ ಹೋಗ್ತೀನಿ" ಎಂದು ಹೊರಟೇಬಿಟ್ಟರು. ಕೂರುವುದು ಹೇಗೆ? ಎದ್ದು ಹಿಂದೆ ಹೋದೆ.

ಕೆರೆ ಏರಿಯ ಹತ್ತಿರ ಬರುವಾಗ ಸೀಟಿ ಕೇಳಿಸಿತು. ಕಾವಲುಗಾರ ನಿಂಗಣ್ಣ ತನ್ನ ಮೊಪೆಡ್‌ನಲ್ಲಿ ಬಂದ. "ಟೈಮಾಯ್ತು ಕಣಮ್ಮ, ಗೇಟ್ ಆಕ್ಬೇಕು. ಸಾರ್, ಇಂದೆ ಕೂತ್ಕಳಿ, ಒಂದೇ ನಿಮಿಷ, ಬುಟ್ಬುಡ್ತೀನಿ."

ಅಯ್ಯೋ ದೇವರೇ, ಒಪ್ಪಿಕೊಳ್ಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರ ಎಡಗಾಲು ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

"ಬೇಡಪ್ಪ. ನೀನ್ ಗೇಟ್ ಹಾಕ್ಕೊ. ನಾನ್ ಬಂದಾಗ ತೆಗಿ" ಅಂದರು.

"ಅಂಗೆಲ್ಲಾ ಆಗಕಿಲ್ಲ ಸಾರ್. ಒಳಗ್ ಬುಟ್ಟು ಬೀಗ ಆಕುದ್ರೆ ನನ್ ಕೆಲ್ಸ ಓಯ್ತದೆ."

ಆಗ ನಾನೇ ಹೇಳಿದೆ, "ನಿಂಗಣ್ಣ, ಇವರ ಮಗಳ ಮದುವೆ ಇದೆ. ಚರ್ಚ್‌ನಲ್ಲಿ ಅವಳ ಕೈ ಹಿಡ್ಕೊಂಡು ನಡೀಬೇಕು ಅಂತ ಈ ಹಟ." ಹೇಳುವಾಗ ನನಗೇ ಅಳು ಬಂತು. ಅದುವರೆಗೆ ಹಟ ಅವರದಾಗಿತ್ತು. ಆ ಮಾತು ಬಾಯಿಂದ ಬಿದ್ದ ಗಳಿಗೆಯಿಂದ ಅದು ನನ್ನದೂ ಆಯಿತು.

ನಿಂಗಣ್ಣ ಇಂಜಿನ್ ಆಫ್ ಮಾಡಿ, ಇಳಿದು, ಗಾಡಿ ತಳ್ಳಿಕೊಂಡು ನಮ್ಮ ಹಿಂದೆ ನಡೆಯತೊಡಗಿದ. ಏರಿಯ ಮೇಲೆ ಬಿಸಿಲು ಸುಡುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಇವರು ತಿರುಗಿ, "ಏನಯ್ಯಾ, ಹೆಣದ ಹಿಂದೆ ಬರೋ ಹಾಗೆ ಬರ್ತಿದೀಯಲ್ಲ, ಮುಂದೆ ನಡಿ!" ಎಂದು ಗದರಿದರು. ನಿಂಗಣ್ಣ ನಗುತ್ತಾ ಮುಂದೆ ಬಂದ. ಗೇಟು ಕಾಣಿಸಿದಾಗ ಇವರು ಕೋಲನ್ನು ನನ್ನ ಕೈಗೆ ಕೊಟ್ಟರು. ಎರಡು ಸಲ ತೂರಾಡಿದರು. ನನ್ನ ಕೈ ಎರಡು ಸಲವೂ ಮುಂದೆ ಹೋಯಿತು, ಎರಡು ಸಲವೂ ಹಿಂದೆ ತೆಗೆದುಕೊಂಡೆ. ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

ಗೇಟಿನ ಹೊರಗೆ ಜ್ಯೂಸ್ ಗಾಡಿಯ ಸುತ್ತ ದಿನದ ವಾಕಿಂಗ್‌ನವರೆಲ್ಲ ನಿಂತಿದ್ದರು. ಹೋಗುವಾಗ ಸುಶೀಲಾ ಟೀಚರ್ ವಿಷಯ ಹೇಳಿ, "ಯಾರೂ ಕೈ ಹಿಡಿಯೋಕೆ ಹೋಗ್ಬೇಡಿ, ಬೈಸ್ಕೋತೀರ" ಎಂದು ಎಚ್ಚರಿಸಿದ್ದರಂತೆ. ಯಾರೂ ಹತ್ತಿರ ಬರಲಿಲ್ಲ. ಇವರು ಗೇಟು ದಾಟಿ, ಕಂಬ ಹಿಡಿದು ನಿಂತ ಮೇಲೆ ಒಬ್ಬರು ಬೂದಗುಂಬಳದ ಜ್ಯೂಸ್ ಕೈಗಿಟ್ಟರು. ಒಂದು ಗುಟುಕು ಕುಡಿದು ಇವರು, "ಥೂ! ಇದನ್ನ ದಿನಾ ಕುಡೀತೀರಾ?" ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮದುವೆ ದಿನ ಚರ್ಚಿನ ಬಾಗಿಲಲ್ಲಿ ಕೋಲನ್ನು ನನ್ನ ಅಣ್ಣನ ಕೈಗೆ ಕೊಟ್ಟರು. ಬಲಗೈಯಲ್ಲಿ ಶೀಲಾಳ ಕೈ ಹಿಡಿದು ಹೊರಟರು. ಅಣ್ಣನೂ ನಾನೂ ಬೆನ್ನ ಹಿಂದೆಯೇ ಇದ್ದೆವು. ಹಾಡು ನಡೆಯುತ್ತಿತ್ತು. ನಡುವೆ ಒಮ್ಮೆಗೇ ನಿಂತುಬಿಟ್ಟರು. ಕಾಲು ಮುಂದೆ ಬರಲಿಲ್ಲ. ಅಣ್ಣ ಕೋಲು ಹಿಡಿದು ಬರಲು ನೋಡಿದ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

ಶೀಲಾ ಮೆಲ್ಲಗೆ, "ಅಪ್ಪಾ, ಆಗ್ತಿಲ್ವಾ? ಮಾವನ್ನ ಕರೀಲಾ?" ಅಂದಳು.

"ಬೇಡ ಮಗಳೇ. ಅರ್ಧ ದಾಟಾಯ್ತು. ಇನ್ ವಾಪಸ್ ಹೋಗೋದೇ ದೂರ."

ಮಗಳು ಅಳುತ್ತಲೇ ನಕ್ಕಳು. ಎಡಗಾಲು ಹೊಸ ಬೂಟಿನೊಂದಿಗೆ ನೆಲ ಉಜ್ಜುತ್ತಾ ಮುಂದೆ ಬಂತು. ಪೀಠದವರೆಗೂ ಹೋಯಿತು.

ಈಗಲೂ ದಿನಾ ಕೆರೆಗೆ ಹೋಗುತ್ತೇವೆ. ಇತ್ತೀಚೆಗೆ ನನಗೆ ಮಂಡಿ ನೋವು. ಕಲ್ಲುಬೆಂಚು ಬಂದ ಕೂಡಲೇ ಇವರು, "ಸಾಕು, ಇಲ್ಲಿಂದಲೇ ತಿರುಗೋಣ್ವಾ?" ಎಂದು ಕೇಳುತ್ತಾರೆ.

"ಸುಮ್ನೆ ನಡೀರಿ" ಅನ್ನುತ್ತೇನೆ ನಾನು.

– ಲೂರ್ದು ಮೇರಿ, ಸರಸ್ವತಿಪುರಂ, ಮೈಸೂರು