ಗೆಳತಿ ಒಬ್ಬಳೇ ವಕೀಲರಲ್ಲಿಗೆ ಹೋದದ್ದು

ಕಮಲಾಪುರದಲ್ಲಿ ನಾನೂ ನನ್ನ ಗೆಳತಿಯೂ ಬಾಳೆದಿಂಡಿನ ನಾರಿನಿಂದ ಚೀಲ ಮಾಡುತ್ತಿದ್ದೆವು. ಚೀಲದ ವಿನ್ಯಾಸ, ಹೆಣಿಗೆ ನನ್ನದು; ಹಂಪಿಗೆ ಬರುವವರೊಂದಿಗೆ ಮಾತಾಡಿ ಮಾರುವುದು ಅವಳದು. ಬೆಂಗಳೂರಿನ ಅಂಗಡಿಯೊಂದು ದೊಡ್ಡ ಆರ್ಡರ್ ಕೊಡಲು ಮುಂದಾಗಿ, ಮೊದಲು ಕಂಪನಿ ಮಾಡಿಕೊಳ್ಳಿ ಎಂದಿತು. ಅದಕ್ಕೆಂದು ಹೊಸಪೇಟೆಯಲ್ಲಿ ಒಬ್ಬ ವಕೀಲರನ್ನು ಹಿಡಿದೆವು.

ಅವರು ನಮ್ಮಿಬ್ಬರ ನಡುವಿನ ಕರಾರಿನ ಕರಡು ಕೊಟ್ಟರು. ಮನೆಗೆ ತಂದು ಓದಿದೆ. ಅದರಲ್ಲೊಂದು ಕಲಮು: ವಿನ್ಯಾಸಗಳೆಲ್ಲ ಕಂಪನಿಯ ಸ್ವತ್ತು, ಬಿಟ್ಟುಹೋದವರು ಅವನ್ನು ಬಳಸುವಂತಿಲ್ಲ. ವಿನ್ಯಾಸ ಮಾಡುವವಳು ನಾನೊಬ್ಬಳೇ. ಹಾಗಾದರೆ ಇದನ್ನು ಯಾರನ್ನು ಕಟ್ಟಿಹಾಕಲು ಬರೆದದ್ದು?

ವಕೀಲರ ಆಫೀಸಿಗೆ ಫೋನ್ ಮಾಡಿದೆ. ಗುಮಾಸ್ತರು, "ಹೋದ ವಾರ ನಿಮ್ಮ ಗೆಳತ್ಯಾರು ಬಂದು ಸಾಹೇಬ್ರ ಜೋಡಿ ಭಾಳ ಹೊತ್ತು ಮಾತಾಡಿ ಹೋದ್ರಲ್ರೀ" ಅಂದರು.

ಅವಳು ನನಗೆ ಹೇಳಿರಲಿಲ್ಲ.

ಅಂದಿನಿಂದ ಅವಳು ಫೋನ್ ಹಿಡಿದು ಹೊರಗೆ ಹೋದರೂ ನನಗೆ ಅನುಮಾನ, ನಕ್ಕರೂ ಅನುಮಾನ. ವಿನ್ಯಾಸದ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಾನೇ ಹೋಗಿ ಕೇಳಿದಾಗ ವಕೀಲರು ಅವಳ ಭೇಟಿಯ ವಿಷಯ ಬಾಯಿಬಿಡಲಿಲ್ಲ. "ಅವರ ಮಾತು ನಿಮಗ ಹೇಳಂಗಿಲ್ರಿ. ಸಂಶಯ ಇದ್ರ ಬ್ಯಾರೆ ವಕೀಲರಿಗೆ ತೋರಿಸ್ರಿ" ಅಂದರು. ಇವರೂ ಅವಳ ಕಡೆಯವರೇ ಎಂದುಕೊಂಡೆ.

ಸಂಡೂರಿನ ವಕೀಲೆಯೊಬ್ಬರಿಗೆ ಕರಡು ತೋರಿಸಿದೆ. ಅವರು ಓದಿ, "ಈ ಕಲಮು ಎಲ್ಲಾ ಕಂಪನಿಗೂ ಹಾಕ್ತಾರಮ್ಮ. ಆದ್ರ ನೀನು ಬಿಟ್ಟು ಹೋದ್ರ ನಿನಗೇನು ಸಿಗ್ತತಿ ಅಂತ ಬರೆದಿಲ್ಲ. ಅದನ್ನ ಸೇರಿಸಾಕ ಹೇಳು. ಗೆಳತೀನ ಬಾಯಿಬಿಟ್ಟು ಕೇಳು" ಅಂದರು.

ಮರುದಿನ ನಾರು ಒಣಹಾಕುತ್ತಿದ್ದಾಗ ಕೇಳಿಯೇಬಿಟ್ಟೆ. "ನನಗ ಹೇಳ್ದಂಗ ವಕೀಲರ ಹತ್ರ ಯಾಕ ಹೋಗಿದ್ದಿ? ನನ್ನ ವಿನ್ಯಾಸ ನಿನ್ನ ಹೆಸರಿಗೆ ಬರೆಸ್ಕೊಳ್ಳಾಕಾ?"

ಅವಳು ಕೈಯಲ್ಲಿದ್ದ ನಾರನ್ನು ಕೆಳಗಿಟ್ಟಳು.

"ನನ್ನ ಪ್ಯಾನ್ ಕಾರ್ಡಿನಾಗ ಇನ್ನೂ ಆ ಬಿಟ್ಟುಹೋದ ಗಂಡನ ಮನೆತನದ ಹೆಸರೈತಿ, ಆಧಾರಿನಾಗ ಅಪ್ಪನ ಮನೀದು. ಎರಡೂ ತಾಳೆ ಆಗದಿದ್ರ ಕಂಪನಿ ಆಗಲ್ಲಂತ. ನಾಳೆ ಅವ ಬಂದು ಇದರಾಗ ನಂದೂ ಪಾಲೈತಿ ಅಂದ್ರ ಏನ್ ಮಾಡ್ಲಿ ಅಂತ ಕೇಳಾಕ ಹೋಗಿದ್ದೆ." ಆಮೇಲೆ ಮೆಲ್ಲಗೆ, "ನಿನ್ನ ಮುಂದ ಅವನ ಹೆಸರು ಎತ್ತಾಕ ನಾಚಿಕಿ ಆತು" ಅಂದಳು.

ನನ್ನ ಬಗ್ಗೆ ಅವಳು ವಕೀಲರಲ್ಲಿ ಒಂದು ಮಾತೂ ಆಡಿರಲಿಲ್ಲ.

ಕಾರ್ಡು ತಿದ್ದಿಸಲು ಇಬ್ಬರೂ ಸೇರಿ ಓಡಾಡಿದೆವು. ನಾನು ಬಿಟ್ಟುಹೋದರೆ ನನ್ನ ಹಳೆಯ ವಿನ್ಯಾಸಗಳು ನನಗೇ ಎಂಬ ಸಾಲನ್ನು ಕರಾರಿಗೆ ಸೇರಿಸಲು ಅವಳೇ ಹೇಳಿದಳು. ಕಂಪನಿಯಾಯಿತು, ಆರ್ಡರೂ ಬಂತು.

ಈಗ ಯಾವುದೇ ಹೊಸ ಕಾಗದ ಬಂದರೂ ಅವಳು ಮೊದಲು ನನ್ನ ಕೈಗೇ ಕೊಡುತ್ತಾಳೆ. ಆ ದಿನ ನಾನು ಕೇಳಿದ ಮಾತು ಮರೆತಿಲ್ಲವೇನೋ, ನಾನು ಓದಿ ಮುಗಿಸುವವರೆಗೂ ನನ್ನ ಮುಖ ನೋಡುವುದಿಲ್ಲ.