ಯಂತ್ರಗಳಿಗೆ ರಜೆ ಬರೆದವರು

ಅವರ ತುರುಬಿನಲ್ಲಿ ಕನಕಾಂಬರದ ಪಕ್ಕ ಯಾವಾಗಲೂ ಒಂದು ಕೆಂಪು ಪೆನ್ಸಿಲ್ ಚುಚ್ಚಿಕೊಂಡಿರುತ್ತಿತ್ತು. ಹಾಳೆಯಲ್ಲಿ ತಪ್ಪು ಕಂಡರೆ ಕೈ ತಾನಾಗಿ ತುರುಬಿಗೆ ಹೋಗುತ್ತಿತ್ತು. ಆ ಕೈ ಮೇಲೆದ್ದರೆ ಸಾಕು, ನಾನು ಹಾಳೆಯನ್ನು ಮೆಲ್ಲಗೆ ನನ್ನತ್ತ ಎಳೆದುಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿ ನಾನು ಪತ್ರವ್ಯವಹಾರದ ಗುಮಾಸ್ತ. ಮಾಲು ಸ್ಪೇನಿಗೆ ಹೋಗುತ್ತಿತ್ತು. ವರ್ಷಕ್ಕೊಮ್ಮೆ ನಮ್ಮ ರಜಾಪಟ್ಟಿಯನ್ನು ಸ್ಪ್ಯಾನಿಷ್ ಮಾಡಿಸಿ ಅಲ್ಲಿಗೆ ಫ್ಯಾಕ್ಸ್ ಮಾಡಬೇಕು. ಮಾಡಿಕೊಡುತ್ತಿದ್ದವರು ರಾಜಗೋಪಾಲನಗರದ ಈ ಮೇಡಂ. ಧಾರವಾಡದ ಕಡೆಯವರು, ಎಂಜಿನಿಯರ್ ಗಂಡನ ಜೊತೆ ಎಂಟು ವರ್ಷ ಸ್ಪೇನಿನಲ್ಲಿದ್ದು ಬಂದವರು.

ಹಬ್ಬದ ಹೆಸರು ಓದಿದರೆ ಅವರು ಬರೆದುಕೊಳ್ಳುತ್ತಿರಲಿಲ್ಲ. "ಹೆಸರು ಇರ್ಲಿ ತಮ್ಮಾ. ಅವತ್ತು ನಿಮ್ಮ ಮನ್ಯಾಗ ಏನ್ ಮಾಡ್ತೀರಿ, ಅದನ್ನ ಹೇಳ್ರಿ." ಹಾಗಾಗಿ ಸಂಕ್ರಾಂತಿಯು ‘ಎಳ್ಳುಬೆಲ್ಲ ಹಂಚಿ ಒಳ್ಳೆಯ ಮಾತಾಡುವ ದಿನ’ವಾಯಿತು. ಯುಗಾದಿಯನ್ನು ಬರೀ ‘ಹೊಸ ವರ್ಷ’ ಎಂದು ಬರೆದರೆ ಅಲ್ಲಿನವರು ಜನವರಿಯದ್ದೇ ಅಂದುಕೊಂಡಾರೆಂದು ‘ನಮ್ಮ ಹೊಸ ವರ್ಷ, ಬೇವು ತಿಂದು ಶುರುಮಾಡುವುದು’ ಎಂದು ಬರೆದರು. ಒಂದು ಪುಟದ ಪಟ್ಟಿಗೆ ಎರಡು ಸಂಜೆ, ನಾಲ್ಕು ಲೋಟ ಚಹಾ.

ಒಂದು ವರ್ಷ ಅವರಿಗೆ ಜ್ವರ. ತೊಂದರೆ ಕೊಡಬಾರದೆಂದು ನಾನೇ ನಿಘಂಟು ಹಿಡಿದು ಕೂತೆ. ಆಯುಧಪೂಜೆ ಏನು ಮಾಡಿದರೂ ಬಗ್ಗಲಿಲ್ಲ. ‘ಫಿಯೆಸ್ತಾ ಲೊಕಾಲ್’, ಅಂದರೆ ಸ್ಥಳೀಯ ಹಬ್ಬ, ಎಂದು ಗೀಚಿ ಕಳಿಸಿದೆ. ಸ್ಥಳೀಯ ಹಬ್ಬ ತಾನೇ, ಒಂದು ಗಂಟೆ ಮಷೀನು ಓಡಿಸಿದರೇನು ಎಂದುಕೊಂಡು ಮಾಲು ಕೊಳ್ಳುವ ಸ್ಪೇನಿನ ಕಂಪನಿಯ ಎಂಜಿನಿಯರ್ ಸರಿಯಾಗಿ ಅವತ್ತೇ ಬಂದಿಳಿದರು. ಮಷೀನು ಓಡುವುದನ್ನು ಕಣ್ಣಾರೆ ಕಂಡರೆ ಮಾತ್ರ ಮುಂದಿನ ವರ್ಷದ ಆರ್ಡರ್.

ಲೇತುಗಳಿಗೆಲ್ಲ ಆಗಲೇ ಕುಂಕುಮ, ಚೆಂಡುಹೂವು ಏರಿತ್ತು. ಫೋರ್‌ಮನ್ ಕೈಕಟ್ಟಿ ನಿಂತ. "ಪೂಜೆ ಆದ್ಮೇಲೆ ಸ್ವಿಚ್ ಮುಟ್ಟಲ್ಲ ಸಾರ್. ಸ್ಪೇನ್ ರಾಜನೇ ಬರ್ಲಿ."

ಮಾಲೀಕರು ನನ್ನತ್ತ ತಿರುಗಿದರು. "ಆರ್ಡರ್ ಹೋದ್ರೆ ಹಿಂದೇನೇ ನೀನೂ ಹೋಗ್ತೀಯ ಕಣಯ್ಯ."

ಸ್ಕೂಟರಿನಲ್ಲಿ ಓಡಿ ಮೇಡಮ್ಮನ್ನು ಕರೆತಂದೆ. ಅವರು ಆ ಎಂಜಿನಿಯರ್ ಜೊತೆ ಎರಡು ನಿಮಿಷ ಮಾತಾಡಿರಬೇಕು. ‘ಇವತ್ತು ಯಂತ್ರಗಳು ವಿಶ್ರಾಂತಿ ಪಡೆಯುವ ದಿನ’ ಎಂಬುದಷ್ಟೇ ನನಗೆ ತಿಳಿದದ್ದು. ಆತ ಲೇತುಗಳನ್ನು ನೋಡಿದರು. ಬಾಗಿಲಿಗೆ ವಾಪಸ್ಸು ಹೋಗಿ ಶೂ ಬಿಚ್ಚಿಟ್ಟು ಬಂದರು. ಮೆಲ್ಲಗೆ ಏನೋ ಹೇಳಿದರು.

"ಇವರ ಅಪ್ಪ ನಲವತ್ತು ವರ್ಷ ಲೇತ್ ಓಡಿಸ್ಯಾರಂತ," ಎಂದರು ಮೇಡಂ. "ಆ ಮಷೀನಿಗೆ ಒಂದ್ ದಿನಾನೂ ಯಾರೂ ಕೈ ಮುಗಿದಿಲ್ಲಂತ. ನಾಡಿದ್ದು ಬಂದು ನೋಡ್ತಾರಂತ."

ಫೋರ್‌ಮನ್ ಸ್ಟೂಲು ಎಳೆದ. "ಕೂತ್ಕೊಳ್ಳಿ ಸಾರ್, ಕಡ್ಲೆಪುರಿ ತಿನ್ನಿ."

ಆರ್ಡರ್ ಉಳಿಯಿತು, ನಾನೂ ಉಳಿದೆ. ವಾಪಸ್ಸು ಬಿಡುವಾಗ ಹಿಂದಿನ ಸೀಟಿನಿಂದ ಬೈಗುಳ: "ಹೆಸರು ಹೇಳಿದ್ರ ರಜಾ ಅಂತಾರ. ಮಾಡೂದು ಹೇಳಿದ್ರ ಶೂ ಬಿಡ್ತಾರ. ತಲ್ಯಾಗ ಹೋತಿಲ್ಲೋ?"

ಮೂರು ವರ್ಷದ ಮೇಲೆ, ಒಂದು ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. ಆ ಸಲದ ಪಟ್ಟಿ ನಾನೇ ಮಾಡಿದೆ. ಹಳೆಯ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು, ಪ್ರತಿ ಪದವನ್ನೂ ನಾಲ್ಕು ಸಲ ನೋಡಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಪಟ್ಟಿ ತಲುಪಿದೆ ಎಂಬ ಟೈಪಿನ ಸಾಲಿನ ಕೆಳಗೆ ಆ ಎಂಜಿನಿಯರ್ ಕೈಬರಹ: ‘ಇದನ್ನು ಬರೆದದ್ದು ಸೆನ್ಯೋರಾ ಅಲ್ಲ. ನಿಮ್ಮ ಆ ಮೇಡಮ್ಮಿಗೆ ಏನಾಯಿತು?’

ಲೋಕದ ಚಿಂತೆಯನ್ನೆಲ್ಲ ಹೊತ್ತು ತಿರುಗುವ ನನಗೆ, ಅವರಿಲ್ಲವೆಂಬುದನ್ನು ಅಲ್ಲಿಗೂ ತಿಳಿಸಬೇಕೆಂದು ಮಾತ್ರ ಹೊಳೆದಿರಲಿಲ್ಲ.