ಕೊಬ್ಬರಿಗೆ ಪರ್ಮಿಷನ್ ಇಲ್ಲ

ಏರ್‌ಪೋರ್ಟ್ ಸೆಕ್ಯುರಿಟಿಯ ಪರದೆಯೊಳಗೆ ಯೂನಿಫಾರ್ಮಿನ ಹುಡುಗಿಯ ಕೈ ನನ್ನ ಸೊಂಟದ ಹತ್ತಿರ ನಿಂತಿತು. "ಇದೇನಮ್ಮಾ ಗಂಟು?"

ಬೆಳಿಗ್ಗೆ ಅರಸೀಕೆರೆಯಲ್ಲಿ ಅತ್ತಿಗೆ ನನ್ನ ಸೆರಗಿಗೆ ತುಂಬಿದ ಮಡಿಲಕ್ಕಿ ಅದು. ಹಾಸಿಗೆ ಹಿಡಿದವರು ಹೇಗೋ ಎದ್ದು ಕೂತು, "ಇನ್ನೊಂದ್ಸಲ ತುಂಬ್ತೀನೋ ಇಲ್ವೋ. ಡೆಲ್ಲಿ ಮನೆ ಸೇರೋವರೆಗೂ ಬಿಚ್ಚಬೇಡ ಕಣೇ" ಎಂದಿದ್ದರು.

"ಮಡಿಲಕ್ಕಿ ಕಣೇ, ಅರಸೀಕೆರೇಲಿ ಅತ್ತಿಗೆ ತುಂಬಿದ್ದು" ಎಂದೆ.

"ಒಳಗೆ ಕೊಬ್ಬರಿ ಐತಾ? ಎಣ್ಣೆ ಪದಾರ್ಥ, ಬೆಂಕಿ ಹತ್ತುತ್ತೆ ಅಂತ ಫ್ಲೈಟಲ್ಲಿ ಬಿಡಲ್ಲ."

ಗಂಟನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ನಮ್ದೂ ಅದೇ ಕಡೆ, ಬಿಕ್ಕೋಡು ಕಣಮ್ಮ, ಮಡಿಲಕ್ಕಿ ಗೊತ್ತು. ನಾನು ಮುಟ್ಟಲ್ಲ, ನೀವೇ ಬಿಚ್ಚಿ. ಅಕ್ಕಿ, ಬೆಲ್ಲ ತಗೊಂಡೋಗಿ. ಕೊಬ್ಬರಿ ಒಂದು ಚೂರು ಬಾಯಿಗೆ ಹಾಕ್ಕೊಳ್ಳಿ. ಬಾಯೊಳಗೆ ಇರೋದನ್ನ ನಾವು ಚೆಕ್ ಮಾಡಲ್ಲ."

"ಡೆಂಚರ್ಸ್ ಕಣೇ, ಅಗಿಯೋಕಾಗಲ್ಲ."

"ಚೀಪ್ತಾ ಇರಿ. ಡೆಲ್ಲಿವರೆಗೂ ಬರುತ್ತೆ."

ಇಬ್ಬರೂ ನಕ್ಕೆವು. ಉಳಿದ ಕೊಬ್ಬರಿಯನ್ನು ನಾನೇ ಅವಳ ಟ್ರೇಯಲ್ಲಿಟ್ಟೆ.

ಈಗ ಕಿಟಕಿಯ ಕೆಳಗೆ ಬಿಳಿ ಮೋಡ ಸುಮ್ಮನೆ ತೇಲುತ್ತಿದೆ. ದವಡೆಯಲ್ಲಿ ಕೊಬ್ಬರಿ ಮೆತ್ತಗಾಗುತ್ತಿದೆ. ಏರ್‌ಹೋಸ್ಟೆಸ್ ಬಂದು ಕಾಫಿ ಬೇಕಾ ಎಂದು ಕೇಳಿದಳು. ಬಾಯಿ ತೆರೆಯದೆ, ಬೇಡವೆಂದು ತಲೆಯಾಡಿಸಿದೆ.